ಅಟ್ಟದಿಂದ ತೆಗೆದ ಎರಡು ಅಡಿ

ಮೇಸ್ತ್ರಿ ಲೆಕ್ಕವನ್ನು ಬಾಯಲ್ಲೇ ಒಪ್ಪಿಸಿದ. ಹೊಸ ಅಡ್ಡತೊಲೆಗಳ ಮರಕ್ಕೆ ಇಪ್ಪತ್ತೆರಡು ಸಾವಿರ. ಇಳಿಜಾರು ತೊಲೆಗಳಿಗೆ ಪಕ್ಕದಿಂದ ಬಲ ಕೊಡುವ ಹಲಗೆಗೆ ಒಂಬತ್ತು. ಕಬ್ಬಿಣದ ಪಟ್ಟಿ, ಬೋಲ್ಟು, ನಟ್ಟು ಎಲ್ಲ ಸೇರಿ ಆರು. ಕೆಲಸ ನಡೆಯುವಾಗ ಚಾವಣಿ ತಲೆಮೇಲೆ ಬೀಳದಂತೆ ನಿಲ್ಲಿಸುವ ಆಸರೆ ಕಂಬಗಳ ಬಾಡಿಗೆ ಮೂರು. ಆಳಿನ ಕೂಲಿ ಬೇರೆ, ಟೀ ಮನೆಯವರ ಲೆಕ್ಕಕ್ಕೆ.

“ಇಷ್ಟಕ್ಕೆ ಕಾರ್ಖಾನೆಗೆ ಎರಡು ಅಡಿ ಎತ್ತರ ಸಿಗುತ್ತೆ,” ಎಂದ. “ಎರಡರ ಮೇಲೆ ಒಂದು ಇಂಚು ಕೇಳಿದ್ರೂ ನಾನು ಗಂಟುಮೂಟೆ ಕಟ್ಟಿದೆ ಅಂತ ತಿಳ್ಕೊಳಿ.”

ಊಟದ ತಟ್ಟೆಗಳ ಮುಂದೆ ಕೂತಿದ್ದವರೆಲ್ಲ ತಲೆಯಾಡಿಸಿದರು. ಅಕ್ಕ ಮಾತ್ರ ತುತ್ತು ಎತ್ತುತ್ತಿದ್ದ ಕೈಯನ್ನು ತಡೆದು ಕೇಳಿದಳು.

“ಸಿಗುತ್ತೆ, ಸರಿ. ಎಲ್ಲಿಂದ ಸಿಗುತ್ತೆ?”

“ಎಲ್ಲಿಂದ ಅಂದ್ರೆ? ಮೇಲಿಂದ.”

“ಮೇಲೆ ನಾನಿದ್ದೀನಲ್ಲಪ್ಪ.”

ಮೇಸ್ತ್ರಿ ಅಕ್ಕನ ತಮ್ಮನ ಮುಖ ನೋಡಿದ. ತಮ್ಮ ತನ್ನ ತಟ್ಟೆ ನೋಡಿದ. ತಮ್ಮನ ಹೆಂಡತಿ ಎದ್ದು, ತುಂಬಿಯೇ ಇದ್ದ ನೀರಿನ ತಂಬಿಗೆಯನ್ನು ಮತ್ತೆ ತುಂಬಿಸಲು ಒಳಗೆ ಹೋದಳು.

ಅಕ್ಕ ಇದ್ದದ್ದು ಮೇಲೆಯೇ. ಬೀದಿಯ ಕಡೆಗೆ ಮರಗೆಲಸದ ಕಾರ್ಖಾನೆ, ಅದರ ಬೆನ್ನಿಗೆ ಅಂಟಿಕೊಂಡು ಮನೆ. ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಒಂದು ಕೋಣೆ ತಮ್ಮ ಮತ್ತು ಅವನ ಹೆಂಡತಿಗೆ. ಇನ್ನೊಂದು ಅಮ್ಮನಿಗೂ ತಮ್ಮನ ಮಗಳಿಗೂ. ಗಂಡ ಬೇರೆ ಸಂಸಾರ ಹೂಡಿದ ಮೇಲೆ ಅಕ್ಕ ಪೆಟ್ಟಿಗೆ ಹಿಡಿದು ಇಲ್ಲಿಗೆ ಬಂದಾಗ, ಉಳಿದಿದ್ದ ಜಾಗವೆಂದರೆ ಕಾರ್ಖಾನೆಯ ಚಾವಣಿಯೊಳಗಿನ ಅಟ್ಟ ಒಂದೇ. ಎರಡು ಅಂಗೈಗಳನ್ನು ಬೆರಳ ತುದಿಯಲ್ಲಿ ತಾಗಿಸಿ ಹಿಡಿದಂತಿತ್ತು ಆ ಚಾವಣಿ. ಅಂಗೈಗಳು ಅತ್ತಿತ್ತ ಜಾರದಂತೆ ಮಣಿಕಟ್ಟಿನ ಮಟ್ಟದಲ್ಲಿ ಕಟ್ಟಿ ಹಿಡಿದದ್ದು ಅಡ್ಡತೊಲೆಗಳು. ಅವುಗಳ ಮೇಲೆ ಹಲಗೆ ಹಾಸಿದರೆ ಅದೇ ನೆಲ. ಹಲಗೆಯನ್ನು ಅಕ್ಕ ತನ್ನ ಬಳೆ ಮಾರಿ ತರಿಸಿದ್ದಳು. ಅಂಚಿನಲ್ಲಿ ತೆವಳಬೇಕಿತ್ತು. ನಡುವೆ ಮಾತ್ರ ಆರಡಿ ಎತ್ತರ; ಅಲ್ಲಿ ಅವಳು ನೆಟ್ಟಗೆ ನಿಂತು ಸೀರೆ ಉಡುತ್ತಿದ್ದಳು, ಕನ್ನಡಿ ನೋಡುತ್ತಿದ್ದಳು, ಏಣಿಯ ಬಾಯಿಗೆ ಒಂದು ಮುಚ್ಚಳದಂಥ ಬಾಗಿಲು ಮಾಡಿಸಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು.

ಹಗಲು ಕೆಳಗಿಳಿದು ಕಾರ್ಖಾನೆಯಲ್ಲಿ ಪಾಲಿಶ್ ಮಾಡುತ್ತಿದ್ದಳು. ಬೀದಿಯವರಿಗೆಲ್ಲ ಅವಳು ಪಾಲಿಶ್ ಅಕ್ಕ. ಸಂಬಳ ಅಂತ ಏನೂ ಇರಲಿಲ್ಲ. ಮನೆಯವರಿಗೆ ಸಂಬಳ ಕೊಡುವುದುಂಟೇ ಎಂದು ತಮ್ಮನೂ ಅಂದುಕೊಂಡಿದ್ದ, ಅವಳೂ ಅಂದುಕೊಂಡಿದ್ದಳು.

ತಮ್ಮನ ತೊಂದರೆ ಸುಳ್ಳಲ್ಲ. ಕಾರ್ಖಾನೆಯೊಳಗೆ ನೆಲದಿಂದ ಅಡ್ಡತೊಲೆಯ ಮೇಲ್ಮೈಗೆ ಎಂಟು ಅಡಿ. ಅಪ್ಪನ ಕಾಲದಿಂದಲೂ ಬೀರುಗಳನ್ನು ನೆಲದ ಮೇಲೆ ಮಲಗಿಸಿಯೇ ಕಟ್ಟುವುದು ರೂಢಿ. ಮಲಗಿಸಿ ಕಟ್ಟು, ಮಲಗಿಸಿಯೇ ಗಾಡಿಗೆ ಏರಿಸು, ಗಿರಾಕಿಯ ಮನೆಯಲ್ಲಿ ನಿಲ್ಲಿಸು. ಆರಡಿಯ ಬೀರುಗಳಿಗೆ ಇದು ನಡೆದಿತ್ತು. ಈಗ ಗಿರಾಕಿಗಳು ಒಂಬತ್ತು ಹತ್ತಡಿ ಎತ್ತರದ ಬೀರು ಕೇಳುತ್ತಿದ್ದರು. ಅಷ್ಟುದ್ದದ ಬಾಗಿಲುಗಳನ್ನು ಮಲಗಿಸಿ ಕೂರಿಸಿದರೆ ಮಲಗಿರುವಾಗ ಸರಿಯಾಗಿ ಕೂಡುತ್ತವೆ. ಎದ್ದು ನಿಂತ ಕೂಡಲೇ ತಮ್ಮ ಭಾರಕ್ಕೆ ಜೋತು ಬಿದ್ದು ಒಂದನ್ನೊಂದು ತಿನ್ನುತ್ತವೆ. ಹಾಗೆ ಎರಡು ಬೀರು ವಾಪಸ್ಸು ಬಂದಿದ್ದವು.

“ನಿಲ್ಲಿಸಿ ಕಟ್ಟಿದ್ರೆ ಮಾತ್ರ ಉಳಿಗಾಲ,” ಎಂದ ತಮ್ಮ, ಮೇಸ್ತ್ರಿ ಹೋದ ಮೇಲೆ. “ದೊಡ್ಡ ಬಂಗಲೆಯವರು ನಾಲ್ಕು ಬೀರು ಹೇಳಿದ್ದಾರೆ. ಹತ್ತತ್ರ ಹತ್ತಡಿಯವು. ಆಗಲ್ಲ ಅಂದ್ರೆ ಬೇರೆಯವರಿಗೆ ಕೊಡ್ತಾರೆ.”

“ಅವರ ಮನೇಲೇ ಹೋಗಿ ಜೋಡಿಸು,” ಎಂದಳು ಅಕ್ಕ.

“ಧೂಳು, ಗದ್ದಲ, ಪಾಲಿಶ್ ವಾಸನೆ, ಏನೂ ಬೇಡವಂತೆ. ತಯಾರಾಗಿ ಬರಬೇಕಂತೆ.”

“ಹಾಗಾದ್ರೆ ಕೆಳಗೆ ಅಗಿ. ಎರಡಡಿ ನೆಲ ಅಗೆದ್ರೂ ಎತ್ತರವೇ ಅಲ್ವಾ?”

ತಮ್ಮನ ಮಗಳು ಚಪ್ಪಾಳೆ ತಟ್ಟಿದಳು. ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಹುಡುಗಿ, ಯಾರಿಗೂ ಹೆದರುವವಳಲ್ಲ. “ನೋಡು ಅಪ್ಪಾ, ಅತ್ತೆಗೆ ಹೊಳೆದದ್ದು ನಿನಗೆ ಹೊಳೀಲಿಲ್ಲ.”

ಮಾರನೆಯ ದಿನ ಮೇಸ್ತ್ರಿಯನ್ನು ಮತ್ತೆ ಕರೆಸಿದರು. ಅವನನ್ನು ಎಲ್ಲರೂ ರಸಮಟ್ಟ ಎಂದೇ ಕರೆಯುತ್ತಿದ್ದರು; ಟೀ ಲೋಟವನ್ನಿಡುವ ಸ್ಟೂಲಿನ ಮೇಲೂ ಮೊದಲು ರಸಮಟ್ಟವಿಟ್ಟು ಗುಳ್ಳೆ ನಡುವೆ ನಿಂತಿದೆಯೇ ಎಂದು ನೋಡುವವನು. ಅವನು ಗೋಡೆಯ ಬುಡದಲ್ಲಿ ಹಾರೆಯಿಂದ ಒಂದು ಕುಳಿ ತೋಡಿದ. ಮೊಣಕೈಯಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಪಾಯದ ಕಲ್ಲು ಮುಗಿದು ಬರೀ ಮಣ್ಣು ಬಂತು.

“ಅಕ್ಕಾ, ಬನ್ನಿ ಇಲ್ಲಿ, ನೀವೇ ಕೈ ಹಾಕಿ ನೋಡಿ. ನಿಮ್ಮ ತಂದೆ ಗೋಡೆನ ನೆಲದ ಮೇಲೆ ಇಟ್ಟು ಹೋಗಿದ್ದಾರೆ, ಅಷ್ಟೆ. ಎರಡಡಿ ಅಗೆದ್ರೆ ಗೋಡೆ ಗುಂಡಿಯೊಳಗೆ ಬಂದು ಕೂರುತ್ತೆ.”

ಅಕ್ಕ ಕೈ ಹಾಕಿ ನೋಡಿದಳು. ಮಣ್ಣೇ. ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ಆ ರಾತ್ರಿಯ ಊಟಕ್ಕೆ ಬೇಳೆ ತಳ ಹಿಡಿದಿತ್ತು. ತಮ್ಮನೇ ಮಾತು ತೆಗೆದ.

“ಅಕ್ಕಾ, ಅಟ್ಟ ಪೂರ್ತಿ ಹೋಗಲ್ಲ. ತೊಲೆ ಎರಡಡಿ ಮೇಲಕ್ಕೆ ಹೋಗುತ್ತೆ, ನಿನ್ನ ಹಲಗೆನೂ ಅದರ ಮೇಲೇ ಹಾಸ್ತೀನಿ. ನಾಲ್ಕಡಿ ಇರುತ್ತೆ. ಮಲಗೋದಕ್ಕೆ ಆರಡಿ ಯಾಕೆ ಬೇಕು? ಅಟ್ಟ ತಾನೇ?”

“ನಿನಗೆ ಅಟ್ಟ. ನನಗೆ ಮನೆ.”

“ಹಲಗೆ ನಿಂದೇ, ಇಲ್ಲ ಅಂದೋರು ಯಾರು? ಚಾವಣಿ ಅಪ್ಪಂದು.”

“ಹಲಗೆ ನಂದು, ಚಾವಣಿ ಅಪ್ಪಂದು. ನಡುವೆ ಇರೋ ಗಾಳಿ ಯಾರ್ದಪ್ಪ? ಅದನ್ನೂ ಪಾಲು ಮಾಡ್ಸು.”

“ಜಗಳ ಯಾಕೆ?” ಎಂದರು ಅಮ್ಮ. “ನನ್ನ ಕೋಣೇಲಿ ಬಂದು ಬಿದ್ಕೋ, ಮಗಳೇ.”

“ಅಜ್ಜೀ, ಅಲ್ಲಿ ನಾನು ಮಗ್ಗುಲು ಬದಲಿಸಬೇಕಾದ್ರೇ ನಿನಗೆ ಅರ್ಜಿ ಹಾಕ್ಬೇಕು,” ಎಂದಳು ಮೊಮ್ಮಗಳು. “ಅತ್ತೆ ಬಂದ್ರೆ ಮೂರು ಜನಾನೂ ಸರದಿ ಮೇಲೆ ಉಸಿರಾಡೋಣ.”

ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು. ನಕ್ಕದ್ದೇ ತಪ್ಪಾಯಿತು. ಅವಳು ಒಪ್ಪಿದಳೆಂದುಕೊಂಡು ತಮ್ಮ ಎದ್ದು ಕೈ ತೊಳೆದುಕೊಂಡ.

ಆಸರೆ ಕಂಬಗಳು ಬಂದವು. ಕಾರ್ಖಾನೆ ಕಂಬಗಳ ಕಾಡಾಯಿತು. ಗರಗಸದ ಮೇಜಿಗೆ ಹೋಗಬೇಕಾದರೆ ಎಲ್ಲರೂ ಮೈ ಹಿಂಡಿಕೊಂಡು ನುಸುಳಬೇಕು. ರಸಮಟ್ಟ ಅವಸರದವನಲ್ಲ. ಮೊದಲು ಹೊಸ ಅಡ್ಡತೊಲೆಯನ್ನು ಎರಡಡಿ ಮೇಲೆ ಕೂರಿಸಿ, ಎರಡು ತುದಿಗೂ ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟು ಬಿಗಿಯಬೇಕು; ಆಮೇಲೆಯೇ ಹಳೆಯದಕ್ಕೆ ಗರಗಸ.

“ಹಳೇ ತೊಲೆಗಳನ್ನೆಲ್ಲ ಒಟ್ಟಿಗೆ ಕುಯ್ದು ಮುಗಿಸು ಮಾರಾಯ, ದಿನ ಹೋಗ್ತಿದೆ,” ಎಂದು ತಮ್ಮ ಗೊಣಗಿದರೆ, “ಆಯ್ತು, ಕುಯ್ಯೋಣ. ನೀವು ಒಳಗೆ ನಿಂತಿರಿ, ನಾನು ಬೀದೀಲಿ ನಿಂತು ನೋಡ್ತೀನಿ,” ಎನ್ನುತ್ತಿದ್ದ.

ಮೊದಲ ಹಳೆಯ ತೊಲೆಯನ್ನು ಕುಯ್ದಾಗ ಮರ ಒಂದು ಸಲ ನರಳಿದಂತೆ ಸದ್ದು ಮಾಡಿತು, ಧೂಳು ಸುರಿಯಿತು. ಅಮ್ಮ ಅಡುಗೆಮನೆಯಿಂದ ಬೀದಿಗೇ ಓಡಿದರು. ಏನೂ ಆಗಲಿಲ್ಲ. ರಸಮಟ್ಟ ಗೋಡೆಗೆ ತೂಗುಗುಂಡು ಬಿಟ್ಟು ನೋಡಿ, “ಕೂದಲೆಳೆಯಷ್ಟೂ ಜರುಗಿಲ್ಲ, ಟೀ ತನ್ನಿ,” ಎಂದ.

ಮೂರು ವಾರ ಮರದ ಪುಡಿ ಎಲ್ಲದರಲ್ಲೂ ಇತ್ತು: ಹಾಲಿನಲ್ಲಿ, ಉಪ್ಪಿನಲ್ಲಿ, ಒಗೆದು ಹರವಿದ ಬಟ್ಟೆಯಲ್ಲಿ. ಬಾಡಿಗೆ, ಕೂಲಿ ಏರುತ್ತಿದ್ದಂತೆ ಊಟ ಇಳಿಯಿತು. ಮೊಟ್ಟೆ ಹೋಗಿ ಆಲೂಗಡ್ಡೆ ಬಂತು. ತಮ್ಮನ ಹೆಂಡತಿ ತಟ್ಟೆಗೆ ಬಡಿಸುವ ಮುನ್ನ ಸೌಟನ್ನು ಒಂದು ಸಲ ಪಾತ್ರೆಗೇ ಒದರತೊಡಗಿದಳು. ಅಕ್ಕ ಆ ದಿನಗಳಲ್ಲಿ ಅಡುಗೆಮನೆಯ ಒಲೆಯ ಪಕ್ಕ ಮಲಗಿದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳಬೇಕು, ಇಲ್ಲದಿದ್ದರೆ ಟೀ ಇಡುವವರು ಅವಳ ಕಾಲು ತುಳಿದೇ ಹೋಗಬೇಕು.

ಕೆಲಸ ಮುಗಿದು ಕಂಬಗಳು ಹೋದ ದಿನ ಕಾರ್ಖಾನೆ ನಿಜಕ್ಕೂ ಬೇರೆಯೇ ಕಂಡಿತು. ತಮ್ಮ ನಡುವೆ ನಿಂತು ಉದ್ದದ ಕೋಲೊಂದನ್ನು ಗಿರಗಿರ ತಿರುಗಿಸಿದ, ಎಲ್ಲಿಯೂ ತಾಗಲಿಲ್ಲ. “ಈಗ ಉಸಿರಾಡ್ತಿದೆ ನೋಡು!” ಎಂದು ಹೆಂಡತಿಯನ್ನು ಕರೆದು ತೋರಿಸಿದ.

ಅಕ್ಕ ಏಣಿ ಹತ್ತಿ ತನ್ನ ಅಟ್ಟಕ್ಕೆ ಹೋದಳು. ಮೂರೇ ಹೆಜ್ಜೆಗೆ ತಲೆ ತೊಲೆಗೆ ಬಡಿಯಿತು. ಬಾಗಿ ನಡೆದಳು, ಮತ್ತೆ ಬಡಿಯಿತು. ಆಮೇಲೆ ಮೊಣಕಾಲೂರಿದಳು. ಅಂದಿನಿಂದ ಅಲ್ಲಿ ಅವಳದ್ದೆಲ್ಲ ಕೂತೇ: ಕೂತು ಸೀರೆ ಉಡುವುದು, ಕೂತು ಹಾಸಿಗೆ ಸುತ್ತುವುದು, ಕೂತು ತಲೆ ಬಾಚುವುದು. ನೆರಿಗೆ ಕೂತು ಹಿಡಿದರೆ ನಿಂತಾಗ ಮೊಣಕಾಲಿಗೇ ಬರುತ್ತದೆ; ಕೆಳಗಿಳಿದು ಬೀರುಗಳ ಮರೆಯಲ್ಲಿ ಸರಿ ಮಾಡಿಕೊಳ್ಳಬೇಕು.

“ಅತ್ತಿಗೆ, ಹೊಂದಿಕೊಂಡ್ರಾ?” ಎಂದು ತಮ್ಮನ ಹೆಂಡತಿ ಕೇಳಿದಳು, ಸೊಪ್ಪು ಬಿಡಿಸುತ್ತ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ.

“ನಾನು ಹೊಂದಿಕೊಂಡೆ. ಸೊಂಟ ಇನ್ನೂ ಯೋಚಿಸ್ತಿದೆ.”

“ನಾನಾದ್ರೂ ಏನು ಮಾಡ್ಲಿ, ಹೇಳಿ. ನಮ್ಮ ಕೋಣೇಲಿ ಜಾಗ ಇದ್ದಿದ್ರೆ...”

“ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ ಕಣೇ. ಆ ಸೊಪ್ಪಿನ ಕಟ್ಟು ಇಲ್ಲಿ ತಳ್ಳು.”

ಒಂದು ಭಾನುವಾರ ಅಕ್ಕ ತಮ್ಮನ ಮಗಳನ್ನು ಜೊತೆಗೆ ಕರೆದುಕೊಂಡು ಬಾಡಿಗೆ ಕೋಣೆ ನೋಡಲು ಹೋದಳು. ಹಿಂದಿನ ಬೀದಿಯಲ್ಲಿ ಒಂದಿತ್ತು, ಕಿಟಕಿಯಿತ್ತು, ನಲ್ಲಿಯಿತ್ತು. ಮನೆಯ ಯಜಮಾನಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು.

“ಯಜಮಾನರು ಏನು ಕೆಲಸ ಮಾಡ್ತಾರೆ?”

“ನಾನೊಬ್ಬಳೇ ಇರೋದು. ಪಾಲಿಶ್ ಕೆಲಸ ಮಾಡ್ತೀನಿ.”

“ಎಷ್ಟು ಬರುತ್ತೆ?”

ಅಕ್ಕ ಬೆರಳು ಮಡಚಿ ಎಣಿಸತೊಡಗಿದಳು. ಬರುವುದು ಊಟ, ವರ್ಷಕ್ಕೆರಡು ಸೀರೆ, ತಲೆನೋವಿನ ಮಾತ್ರೆ. ಯಜಮಾನಿ, ಇನ್ಯಾರೋ ಕೇಳಿದ್ದಾರೆ ಎಂದು ಬಾಗಿಲು ಮುಂದೆ ಮಾಡಿದಳು.

ದಾರಿಯಲ್ಲಿ ಹುಡುಗಿ ಕೆಂಡವಾಗಿದ್ದಳು. “ಅತ್ತೆ, ನೀನು ಅಪ್ಪನ ಹತ್ರ ದುಡ್ಡು ಕೇಳು. ಹೊರಗಿನವರನ್ನ ಇಟ್ಕೊಂಡಿದ್ರೆ ಕೊಡ್ತಿರಲಿಲ್ವಾ?”

“ಕೇಳಿದ್ರೆ ಮನೆಯವಳಾಗಿ ಉಳಿಯೋಲ್ಲ.”

“ಈಗ ಎಲ್ಲಿ ಉಳಿದಿದ್ದೀಯ? ನಾಲ್ಕಡಿಯೊಳಗೆ!”

ಅಕ್ಕ ದಾರಿಯಲ್ಲಿ ಮರಳುಕಾಗದ ಕೊಂಡಳು. ಬಂಗಲೆಯ ಮೊದಲ ಬೀರು ಪಾಲಿಶಿಗೆ ಬಂದಿತ್ತು.

ಅದೊಂದು ಬೀರು! ಒಂಬತ್ತಡಿ ಹತ್ತಿಂಚು ಎತ್ತರ, ಎರಡೂವರೆ ಅಡಿ ಆಳ. ತಮ್ಮ ಅದನ್ನು ನಿಂತ ನಿಲುವಿನಲ್ಲೇ ಕಟ್ಟಿದ್ದ: ಎರಡು ತೊಲೆಗಳ ನಡುವಿನ ಖಾಲಿ ಜಾಗದಲ್ಲಿ ಮೊದಲು ಬದಿಗಳು, ಆಮೇಲೆ ಬೆನ್ನು, ತಲೆ, ಬಾಗಿಲು. ಬೆಣೆ, ಅಂಟು, ಮೊಳೆ ಎಲ್ಲ ಗಟ್ಟಿ ಕೂತಿದ್ದವು. ತಲೆಗೂ ಮೇಲಿನ ಹಲಗೆಗೂ ಎರಡು ಬೆರಳಿನ ಸಂದು. ಬಾಗಿಲುಗಳು ಒಂದನ್ನೊಂದು ಮುಟ್ಟಿಯೂ ಮುಟ್ಟದಂತೆ ಕೂಡಿದವು. ಅಕ್ಕ ಎರಡು ವಾರ ಸ್ಟೂಲಿನ ಮೇಲೆ ಸ್ಟೂಲಿಟ್ಟು ಉಜ್ಜಿದಳು, ಬಳಿದಳು, ಒಣಗಿಸಿದಳು, ಮತ್ತೆ ಉಜ್ಜಿದಳು. ಕೊನೆಯ ಕೋಟು ಒಣಗಿದಾಗ ಅದರಲ್ಲಿ ಎದುರು ಬಾಗಿಲೂ ಬೀದಿಯೂ ಕಾಣುತ್ತಿದ್ದವು. ಪಕ್ಕದ ಅಂಗಡಿಯವರು ಬಂದು ನೋಡಿ ಹೋದರು. ಅಮ್ಮ ದೃಷ್ಟಿಯಾಗುತ್ತದೆಂದು ಬೆಡ್‌ಶೀಟು ಹೊದಿಸಿದರು.

ಸಾಗಿಸುವ ದಿನ ಲಾರಿ ಬಂತು, ಆರು ಜನ ಹಮಾಲರು ಬಂದರು. ಕಾರ್ಖಾನೆಯ ಬಾಗಿಲು ಏಳಡಿ. ಬೀರುವನ್ನು ಮಲಗಿಸಿ ಹೊರಗೆ ಒಯ್ಯಬೇಕು. ಹಮಾಲರು ಬುಡಕ್ಕೆ ಗೋಣಿ ತುರುಕಿ, ತಲೆಯ ಕಡೆಗೆ ಹಗ್ಗ ಹಾಕಿ, “ಹುಂ, ಬಗ್ಗಿಸಿ!” ಎಂದರು.

ಬೀರು ಬಗ್ಗಿತು. ಒಂದು ಗೇಣು ಬಗ್ಗುವಷ್ಟರಲ್ಲಿ ಟಕ್ ಎಂದು ನಿಂತಿತು.

“ಏನು ಅಡ್ಡ ಬಂತು?”

ಅದರ ಹಿಂದಿನ ಮೂಲೆ ಮೇಲಿನ ಹಲಗೆಗೆ ಕಚ್ಚಿಕೊಂಡಿತ್ತು. ನೆಟ್ಟಗೆ ನಿಲ್ಲಿಸಿ, ಈ ಸಲ ಹಿಂದಕ್ಕೆ ಬಗ್ಗಿಸಿದರು. ಈಗ ಮುಂದಿನ ಮೂಲೆ ಕಚ್ಚಿತು. ತಮ್ಮ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದ. ಹತ್ತಡಿಯ ಮೇಲೆ ಎರಡಿಂಚು. ಹಲಗೆಯವರೆಗೆ ಹತ್ತೇ ಅಡಿ. ಟೇಪನ್ನು ಬಿಟ್ಟ, ಅದು ಸರ್ರನೆ ಒಳಗೆ ಹೋಯಿತು. ನಿಂತ ವಸ್ತುವನ್ನು ಬಗ್ಗಿಸುವಾಗ ಅದು ಮೊದಲು ಎತ್ತರವಾಗುತ್ತದೆ. ಹುಟ್ಟಿದಾಗಿನಿಂದ ಬೀರು ಮಲಗಿಸಿಯೇ ಕಟ್ಟಿದ ಮನೆಯಲ್ಲಿ ಈ ಸಂಗತಿ ಯಾರಿಗೂ ಎದುರಾಗಿರಲೇ ಇಲ್ಲ.

ರಸಮಟ್ಟನಿಗೆ ಹೇಳಿಕಳಿಸಿದರು. ಅವನು ಬಂದು ತಲೆ ಕೆರೆದುಕೊಂಡ. “ನೀವು ನಿಲ್ಲಿಸೋಕೆ ಎತ್ತರ ಕೇಳಿದ್ರಿ, ಕೊಟ್ಟೆ. ಮಲಗಿಸೋಕೆ ಕೇಳ್ಲಿಲ್ಲ.”

“ತೊಲೆ ಇನ್ನೂ ಮೂರಿಂಚು ಮೇಲೆ?”

“ಚಾವಣಿಯ ಭಾರಕ್ಕೆ ಗೋಡೆ ಬೀದಿಗೆ ಹೋಗುತ್ತೆ. ಎರಡಡಿ ಅಂತ ಅವತ್ತೇ ಹೇಳಿದ್ದೀನಿ.”

“ಬಿಚ್ಚೋದು?” ಎಂದಳು ತಮ್ಮನ ಹೆಂಡತಿ.

“ಅಂಟು ಹಾಕಿದೆ ಕಣೇ! ಬಿಚ್ಚಿದ್ರೆ ಸೌದೆ.” ಎಂದ ತಮ್ಮ. ಮರಕ್ಕೆ ಕೊಟ್ಟ ಮುಂಗಡ ಅದರಲ್ಲಿತ್ತು, ಚಾವಣಿಯ ಖರ್ಚು ಅದರಲ್ಲಿತ್ತು. ಲಾರಿಯವನು ಹಾರ್ನು ಒತ್ತಿದ.

ಹಮಾಲರ ಮುಖ್ಯಸ್ಥ ಕತ್ತೆತ್ತಿ ನೋಡಿ ಸಹಜವಾಗಿ ಅಂದ: “ತೊಲೆಗಲ್ವಲ್ಲ ತಾಗ್ತಿರೋದು. ಈ ನಡುವಿನ ಹಲಗೆ ಕಿತ್ರೆ ಮೂಲೆ ಮೇಲೆ ಹೋಗಿ ಇಳಿಯುತ್ತೆ. ಮೇಲೇನಿದೆ, ಹಳೇ ಸಾಮಾನಾ?”

ಎಲ್ಲರೂ ಮೇಲೆ ನೋಡುತ್ತಿದ್ದರು. ಅಕ್ಕ ಮಾತ್ರ ಬೀರುವನ್ನು ನೋಡುತ್ತಿದ್ದಳು. ಹಲಗೆಗೆ ಕಚ್ಚಿದ ಮೂಲೆಯಲ್ಲಿ ಪಾಲಿಶ್ ಎರಡಾಣೆ ನಾಣ್ಯದಗಲ ಸುಲಿದಿತ್ತು.

“ಅಕ್ಕಾ,” ಎಂದ ತಮ್ಮ. “ಇದೊಂದು ಸಲ.”

“ಇನ್ನೂ ಮೂರು ಬೀರು ಇದೆ.”

“ಪ್ರತಿ ಸಲ ತೆಗೆದು ಮತ್ತೆ ಹಾಕ್ಕೊಡ್ತೀನಿ.”

“ಇಂಥ ಬೀರು ಕೇಳೋರು ಇನ್ನು ಮುಂದೆ ಬರ್ತಾನೇ ಇರ್ತಾರೆ. ಬರ್ಬೇಕು ಅಂತಾನೇ ತಾನೇ ಇಷ್ಟೆಲ್ಲ ಮಾಡ್ಸಿದ್ದು? ಹೊರೆ ಇಳಿಸೋರ ಥರ ದಿನಾ ನನ್ನ ಹಾಸಿಗೆ ಇಳಿಸ್ತೀಯ, ಏರಿಸ್ತೀಯ?”

“ಹಾಗಾದ್ರೆ ನೀನೇ ಹೇಳು, ಏನು ಮಾಡ್ಲಿ? ಮುಳುಗ್ಲಾ?”

ಅಮ್ಮ ಗೋಡೆಗೆ ಒರಗಿ ಕೂತರು. “ಕೊಟ್ಬಿಡು ಮಗಳೇ. ಒಂದೇ ರಕ್ತ.”

“ಅವನಿಗೆ ಹೇಳಮ್ಮ, ಅವನೂ ಅದೇ ರಕ್ತ.” ಅಕ್ಕ ತಮ್ಮನ ಕಡೆ ತಿರುಗಿದಳು. ಹಮಾಲರ ಮುಂದೆ, ರಸಮಟ್ಟನ ಮುಂದೆ, ಪಕ್ಕದ ಅಂಗಡಿಯವರ ಮುಂದೆ ಮಾತಾಡುತ್ತಿದ್ದೇನೆಂದು ಗೊತ್ತಿದ್ದೇ ಮಾತಾಡಿದಳು. “ಹಲಗೆ ನಂದು, ಕಿತ್ಕೋ. ಆದ್ರೆ ಇವತ್ತಿಂದ ಒಂದೊಂದು ಪಾಲಿಶಿಗೂ ಹೊರಗಿನವರಿಗೆ ಏನು ಕೊಡ್ತೀಯೋ ಅದನ್ನ ನನ್ನ ಕೈಲಿಡು. ಸಂಜೆ ಕೆಲಸ ಮುಗಿದ ಮೇಲೆ ಕಾರ್ಖಾನೆ ಬೀಗದ ಕೈ ನನ್ನ ಹತ್ರ ಇರುತ್ತೆ. ನಾನು ಇಲ್ಲೇ ಕೆಳಗೆ ಮಲಗ್ತೀನಿ.”

“ಇಲ್ಲೇನಾ? ಈ ಧೂಳಿನಲ್ಲೇನಾ?”

“ನೆಟ್ಟಗೆ ನಿಲ್ಲೋಕಾಗುತ್ತಲ್ಲ.”

“ಅಪ್ಪಾ, ಹೂಂ ಅನ್ನು,” ಎಂದಳು ಮಗಳು. “ಲಾರಿ ಮೀಟರು ಓಡ್ತಿದೆ.”

ತಮ್ಮ ಹೆಂಡತಿಯ ಮುಖ ನೋಡಿದ. ಅವಳು ಕಣ್ಣಲ್ಲೇ ಬೈದಳು, ಬೈದದ್ದು ಅಕ್ಕನನ್ನಲ್ಲ. “ಹೂಂ,” ಎಂದ.

ಅಕ್ಕ ತಾನೇ ಏಣಿ ಹತ್ತಿದಳು. ಮೊಣಕಾಲಿನ ಮೇಲೆ ಹೋಗಿ ಹಾಸಿಗೆ ಸುತ್ತಿದಳು, ಪೆಟ್ಟಿಗೆ ಎಳೆದಳು, ಬಟ್ಟೆಯ ಹಗ್ಗ ಬಿಚ್ಚಿದಳು. ಒಂದೊಂದನ್ನೂ ತಮ್ಮನ ಮಗಳು ಕೆಳಗೆ ನಿಂತು ಹಿಡಿದುಕೊಂಡಳು. ಆಮೇಲೆ ಅಕ್ಕ ಇಕ್ಕಳದಿಂದ ಮೊಳೆ ಎಳೆದು ಹಲಗೆಗಳನ್ನು ಒಂದೊಂದಾಗಿ ಕೆಳಗೆ ಕೊಟ್ಟಳು. ಹೀಗೆ ಕೊಡುತ್ತ ಕೊಡುತ್ತ ಅವಳಿಗೆ ಕೂರಲು ಉಳಿದದ್ದು ಒಂದು ತೊಲೆ. ಅಲ್ಲಿಂದ ಏಣಿಗೆ ಕಾಲು ಎಟುಕದೆ ಹಮಾಲನೊಬ್ಬ ಏಣಿ ಏರಿ ಕೈ ಕೊಟ್ಟು ಇಳಿಸಬೇಕಾಯಿತು.

ಬೀರು ಬಗ್ಗಿತು. ಮೂಲೆ ಅವಳ ಹಾಸಿಗೆಯಿದ್ದ ಜಾಗಕ್ಕೆ ಎದ್ದು, ಕ್ಷಣ ನಿಂತು, ಮೆತ್ತಗೆ ಇಳಿಯಿತು. ಹೊರಗೆ ಹೋಗುವ ಮುನ್ನ ಅಕ್ಕ ಹಮಾಲರನ್ನು ತಡೆದು ಸುಲಿದ ಮೂಲೆಗೆ ಪಾಲಿಶ್ ತೀಡಿದಳು. ಅಷ್ಟು ಹೊತ್ತೂ ಲಾರಿಯವನು ಹಾರ್ನು ಒತ್ತುತ್ತಲೇ ಇದ್ದ.

ಉಳಿದ ಮೂರು ಬೀರುಗಳೂ ಹೋದವು. ಅವುಗಳ ಹಿಂದೆ ಬೇರೆ ಮನೆಗಳ ಬೀರುಗಳು ಬಂದವು. ಹಲಗೆಗಳನ್ನು ಯಾರೂ ಮತ್ತೆ ಮೇಲೆ ಹಾಕಲಿಲ್ಲ. ಅರ್ಧ ಮೇಜಾದವು, ಉಳಿದದ್ದು ಅಮ್ಮನ ಮಂಚಕ್ಕೆ ಹೋಯಿತು. ತಮ್ಮ ಒಪ್ಪಿದ ದುಡ್ಡನ್ನು ಮೊದಲ ತಿಂಗಳು ತಾನಾಗಿಯೇ ಕೊಟ್ಟ, ಎರಡನೆಯ ತಿಂಗಳು ಕೇಳಿದ ಮೇಲೆ ಕೊಟ್ಟ, ಆಮೇಲಿನಿಂದ ಅಕ್ಕ ಕೇಳುವುದನ್ನು ರೂಢಿ ಮಾಡಿಕೊಂಡಳು. ಅವಳು ಕೇಳಿದ ದಿನ ಊಟದ ಹೊತ್ತಿಗೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಹಿಂದಿನ ಬೀದಿಯ ಕೋಣೆಗೆ ಮತ್ತೊಮ್ಮೆ ಹೋಗಿ, ಈಗ ಎಷ್ಟು ಬರುತ್ತದೆಂದು ಹೇಳಿದಳು. ಯಜಮಾನಿ ತಲೆದೂಗಿ, “ಒಂಟಿ ಹೆಂಗಸರಿಗೆ ನಾವು ಕೊಡೋದಿಲ್ಲಮ್ಮ,” ಎಂದಳು.

ಅಕ್ಕ ರಾತ್ರಿ ಬೀಗ ಹಾಕಿ, ಮರದ ಪುಡಿ ಗುಡಿಸಿ, ಕಾರ್ಖಾನೆಯ ನಡುವೆ ಹಾಸಿಗೆ ಬಿಡಿಸುತ್ತಾಳೆ. ಬೆಳಿಗ್ಗೆ ಕೆಲಸದವರು ಬಾಗಿಲು ತಟ್ಟುವ ಮುನ್ನ ಸುತ್ತಿಟ್ಟಿರಬೇಕು. ಜ್ವರ ಬಂದರೂ ಸುತ್ತಬೇಕು. ಆ ದಿನ ಅವಳು ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತಿರುತ್ತಾಳೆ, ಟೀ ಇಡುವವರು ದಾಟಿ ಹೋಗುತ್ತಾರೆ.

ಕಾರ್ಖಾನೆಗೆ ಎರಡು ಅಡಿ ಎತ್ತರ ಸಿಕ್ಕಿತು. ತಮ್ಮನಿಗೆ ವರ್ಷಕ್ಕಾಗುವಷ್ಟು ಕೆಲಸ ಸಿಕ್ಕಿತು. ಅಕ್ಕನಿಗೆ ಕೂಲಿ ಸಿಕ್ಕಿತು, ನಿಂತು ಸೀರೆ ಉಡುವಷ್ಟು ಜಾಗ ಸಿಕ್ಕಿತು. ಹಗಲು ಹೊತ್ತಿನಲ್ಲಿ ಹೋಗಿ ಚಿಲಕ ಹಾಕಿಕೊಳ್ಳುವ ಒಂದು ಕೋಣೆ ಅವಳಿಗಿತ್ತು, ಅದು ಹೋಯಿತು.